ಕಡಲ ಚಿತ್ರ, ಆದ್ರೆ ಬಣ್ಣ ಎಲ್ಲ ದಡದ್ದು

ಈ ಸಲದ ನನ್ನ ಹೊಸ ಪೇಂಟಿಂಗ್ ಸೀರೀಸ್ ನೋಡಿದವ್ರಲ್ಲಿ ಹೆಚ್ಚಿನವರು ಕೇಳಿದ್ದು ಒಂದೇ, ಇಷ್ಟೊಂದು ಬಣ್ಣ ಎಲ್ಲಿಂದ ತಂದ್ರಿ ಮಾರಾಯ್ರೆ, ನಮ್ಮ ಗಂಗೊಳ್ಳಿ ಕಡಲು ಹೀಗಿಲ್ವಲ್ಲ ಅಂತ. ಸರಿಯಾಗೇ ಕೇಳಿದ್ರು. ಕಡಲು ಹಾಗಿಲ್ಲ. ಸೌಪರ್ಣಿಕಾ, ವಾರಾಹಿ, ಚಕ್ರಾ ಹೊಳೆಗಳೆಲ್ಲ ಕುಂದಾಪುರ ಹತ್ತಿರದ ಈ ಊರಲ್ಲೇ ಬಂದು ಕಡಲು ಸೇರೋದ್ರಿಂದ ಮಳೆಗಾಲದಲ್ಲಿ ಅಳಿವೆಯ ನೀರು ಪೂರ್ತಿ ಕೆಸರು ಬಣ್ಣ, ಮಳೆ ಹೋದ ಮೇಲೆ ಒಂಥರ ಮಬ್ಬು ಹಸಿರು, ಡಿಸೆಂಬರ್ ಜನವರಿ ಹೊತ್ತಿಗೆ ಅಂತೂ ನೀಲಿ ಅನ್ನಬಹುದಾದಷ್ಟು ನೀಲಿ. ಬಣ್ಣ ಇರೋದು ದಡದಲ್ಲಿ. ಬೋಟು, ಬಲೆ, ಟಾರ್ಪಾಲು, ಮೀನಿನ ಕ್ರೇಟು, ಸೀರೆ, ಹೂವು, ಗೋಡೆ. ಈ ಚಿತ್ರಗಳಲ್ಲಿ ಕಡಲು ಮೇಲ್ಗಡೆ ಎರಡು ಬೆರಳು ಅಗಲದ ಒಂದು ಪಟ್ಟಿ, ಕೆಲವದ್ರಲ್ಲಿ ಅದೂ ಇಲ್ಲ.

ಸೂರ್ಯಾಸ್ತ ಯಾಕಿಲ್ಲ ಅಂತಲೂ ಕೇಳ್ತಾರೆ, ಹೋಮ್‌ಸ್ಟೇ ಇಟ್ಟವರಿಗಂತೂ ಅದೇ ಬೇಕು. ಇದಕ್ಕೆ ನನ್ನ ಉತ್ತರ ತುಂಬಾ ಸಿಂಪಲ್. ನಮ್ಮದು ಪಶ್ಚಿಮಕ್ಕೆ ಮುಖ ಮಾಡಿದ ಕರಾವಳಿ, ಸಂಜೆ ಕಡಲ ಕಡೆ ನೋಡಿದ್ರೆ ಬೆಳಕು ಎದುರಿಂದ ಕಣ್ಣಿಗೇ ಹೊಡೀತದೆ, ಆಗ ಆಕಾಶ ಮಾತ್ರ ಕಿತ್ತಳೆ, ಉಳಿದದ್ದೆಲ್ಲ ಕಪ್ಪು. ಬೋಟು ಕಪ್ಪು, ಜನ ಕಪ್ಪು, ತೆಂಗಿನ ಮರ ಕಪ್ಪು. ಅದೇ ಬೆಳಿಗ್ಗೆ ಏಳೂವರೆ ಎಂಟಕ್ಕೆ ಬನ್ನಿ, ಸೂರ್ಯ ನಮ್ಮ ಬೆನ್ನ ಹಿಂದೆ ಕೊಡಚಾದ್ರಿ ಕಡೆಯಿಂದ ಹತ್ತಿ ಬಂದಿರ್ತಾನೆ, ಬೆಳಕು ಸೀದಾ ಬೋಟಿನ ಮೈಮೇಲೆ ಬೀಳ್ತದೆ, ಒಂದೊಂದು ಬಣ್ಣವೂ ಹೆಸರು ಹಿಡಿದು ಕರೆದ ಹಾಗೆ ಎದ್ದು ನಿಲ್ತದೆ. ಹಾಗಾಗಿ ನಂದೆಲ್ಲ ಬೆಳಗಿನ ಕೆಲಸ. ಸಂಜೆ ಚಾ ಕುಡಿಯೋದಕ್ಕೆ.

ಬೋಟಿನ ವಿಷಯಕ್ಕೆ ಬರ್ತೇನೆ, ಯಾಕಂದ್ರೆ ಅರ್ಧಕ್ಕರ್ಧ ಐಡಿಯಾ ಬಂದದ್ದು ಅಲ್ಲಿಂದ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಇರ್ತದಲ್ಲ, 61 ದಿನ, ಆಗ ಎಲ್ಲ ಬೋಟು ದಡಕ್ಕೆ ಹತ್ತಿ ರಿಪೇರಿ, ಕೆರೆಯೋದು, ಬಣ್ಣ ಹಚ್ಚೋದು ನಡೀತದೆ. ಹಳೆ ಮರದ ಬೋಟಿನ ಮೈ ಕೆರೆಯುವಾಗ ಹತ್ತಿರ ನಿಂತು ನೋಡಿ, ಮೇಲಿನ ನೀಲಿ ಹೋದ್ರೆ ಕೆಳಗೆ ಹಳದಿ, ಅದರ ಕೆಳಗೆ ಹಸಿರು, ಎಲ್ಲೋ ಒಂದು ಕಡೆ ರೆಡ್ ಆಕ್ಸೈಡ್ ಪ್ರೈಮರ್, ಕೊನೆಗೆ ಮರದ ಬೂದು. ಎಷ್ಟು ವರ್ಷದ ಬಣ್ಣವೋ, ಯಾವ ಮಾಲೀಕರ ಕಾಲದ್ದೋ. ಇದನ್ನ ಬ್ರಷ್‌ನಲ್ಲಿ ಬರೆಯೋದಕ್ಕೆ ಹೋದ್ರೆ ಯಾವಾಗ್ಲೂ ಸುಳ್ಳು ಸುಳ್ಳಾಗಿ ಕಾಣ್ತದೆ, ಅದಕ್ಕೆ ನಾನು ಅವರು ಮಾಡುವ ಕೆಲಸವನ್ನೇ ಕ್ಯಾನ್ವಾಸಿನ ಮೇಲೆ ಮಾಡ್ತೇನೆ. ಹಸಿರು ಅಕ್ರಿಲಿಕ್ ದಪ್ಪ ಹಚ್ಚಿ ಪೂರ್ತಿ ಒಣಗಲು ಬಿಡೋದು, ಮೇಲೆ ಹಳದಿ, ಅದೂ ಒಣಗಿದ ಮೇಲೆ ನೀಲಿ, ನೀಲಿ ಇನ್ನೂ ಹಸಿ ಇರುವಾಗ ಅವಧಿ ಮುಗಿದ ಎಟಿಎಂ ಕಾರ್ಡಿನ ಅಂಚಿನಲ್ಲಿ ಎಳೆಯೋದು, ಪೂರ್ತಿ ಒಣಗಿದ ಮೇಲೆ ಅಲ್ಲಲ್ಲಿ ಸ್ಯಾಂಡ್‌ಪೇಪರ್. ಕಾರ್ಡಿಗೆ ಒಂದು ಹಲ್ಲು ಕತ್ತರಿಸಿ ಇಟ್ಕೊಂಡ್ರೆ ಹಲಗೆಯ ಗೆರೆಯೂ ಅದರಲ್ಲೇ ಬರ್ತದೆ.

ಪ್ಯಾಲೆಟ್ ಹೇಗೆ ಆರಿಸ್ತೀರಿ ಅಂತ ಒಬ್ಬರು ಕೇಳಿದ್ರು. ನಾನು ಆರಿಸೋದಿಲ್ಲ, ಮೀನು ಮಾರುವ ಹೆಂಗಸರು ಆರಿಸ್ತಾರೆ. ತಮಾಷೆ ಅಲ್ಲ. ಬಂದರಲ್ಲಿ ಏಲಂ ಆಗುವಾಗ ನೋಡಿ, ಗಿಳಿಹಸಿರು ಸೀರೆ, ಅದರ ಮೇಲೆ ಗಂಡನದ್ದೋ ಮಗನದ್ದೋ ಚೌಕಳಿ ಅಂಗಿ, ತಲೆಯಲ್ಲಿ ಅಬ್ಬಲಿಗೆ (ಕನಕಾಂಬರ), ಕಾಲಬುಡದಲ್ಲಿ ಕಡುನೀಲಿ ಪ್ಲಾಸ್ಟಿಕ್ ಬುಟ್ಟಿ. ಆ ಅಬ್ಬಲಿಗೆಯ ಕಿತ್ತಳೆ ಮತ್ತು ಆ ಬುಟ್ಟಿಯ ನೀಲಿ, ಕಲರ್ ವೀಲ್‌ನಲ್ಲಿ ಎದುರುಬದುರು ಕೂರುವ ಜೋಡಿ. ಕಾಲೇಜಲ್ಲಿ ಚಾರ್ಟ್ ಹಾಕಿ ಕಲಿಸಿದ್ದು ಇಲ್ಲಿ ಎದ್ದು ಓಡಾಡ್ತಾ ಇರ್ತದೆ, ಚೌಕಾಸಿ ಬೇರೆ ಮಾಡ್ತದೆ. ಹೂವು ಎಷ್ಟಿದೆ ಅನ್ನೋದನ್ನೂ ಗಮನಿಸಬೇಕು, ಇಡೀ ದೃಶ್ಯದಲ್ಲಿ ಒಂದು ಮೊಳ, ಅಷ್ಟೇ. ನೀಲಿ ಜಾಸ್ತಿ ಇದ್ದು ಕಿತ್ತಳೆ ಚೂರೇ ಇದ್ದಾಗ ಆ ಚೂರು ಉರೀತದೆ, ಎರಡನ್ನೂ ಸಮ ಸಮ ಹಾಕಿದ್ರೆ ಜಗಳ. ಇಡೀ ಸೀರೀಸಿನ ಲೆಕ್ಕ ಇಷ್ಟೇ.

ಜನವರಿಯಲ್ಲಿ ಇದೇ ಕೆಲಸ ಹತ್ತಿರದ ಹೆಮ್ಮಾಡಿ ಊರಿನ ಸೇವಂತಿಗೆ ಮಾಡ್ತದೆ. ಮಾರಣಕಟ್ಟೆ ದೇವಸ್ಥಾನದ ಹಬ್ಬದ ಹೊತ್ತಿಗೆ ಹೆದ್ದಾರಿ ಬದಿಯ ಗದ್ದೆಗಳಲ್ಲಿ ಆ ಸಣ್ಣ ಹಳದಿ ಹೂವು ಬರ್ತದಲ್ಲ, ಆಗ ಬಸ್ಸಿನಲ್ಲಿ, ಸ್ಕೂಟರಿನಲ್ಲಿ, ಜಡೆಯಲ್ಲಿ, ಬೋಟಿನ ಕ್ಯಾಬಿನ್ನಿನ ದೇವರ ಫೋಟೋದಲ್ಲಿ ಎಲ್ಲ ಕಡೆ ಅದೇ. ನಿಂಬೆ ಹಳದಿ ಅಲ್ಲ ಅದು, ಸ್ವಲ್ಪ ಬೆಚ್ಚಗಿನ ಹಳದಿ. ಟ್ಯೂಬಿನ ಲೆಮನ್ ಯೆಲ್ಲೋಗೆ ಯೆಲ್ಲೋ ಓಕರ್ ಒಂದು ಕಾಳಷ್ಟು ಸೇರಿಸಿದ್ರೆ ಹತ್ತಿರ ಹತ್ತಿರ ಬರ್ತದೆ. ಹಳದಿ ಕ್ಯಾಬಿನ್ನಿನ ಬೋಟು ಇರುವ ಚಿತ್ರ ಇದೆಯಲ್ಲ, ಆ ಬೋಟು ನಿಜಕ್ಕೂ ಬಿಳಿ, ಹಳದಿ ಬಂದದ್ದು ಹೆಮ್ಮಾಡಿಯಿಂದ.

ಬಂಗುಡೆ ಮೀನು ಬರೆಯೋದು ಮಾತ್ರ ಕಷ್ಟದ ಕೆಲಸ. ಬೆಳ್ಳಿ ಬಣ್ಣದ ಟ್ಯೂಬ್ ಹಚ್ಚಿದ್ರೆ ಸ್ಟಿಕ್ಕರ್ ಅಂಟಿಸಿದ ಹಾಗೆ ಕಾಣ್ತದೆ. ಮೀನಿನ ಹೊಳಪು ಬಣ್ಣದಿಂದ ಬರೋದಲ್ಲ, ಚರ್ಮದೊಳಗಿನ ಗ್ವಾನೀನ್ ಅನ್ನೋ ವಸ್ತುವಿನ ತೆಳು ಹರಳುಗಳು ಬೆಳಕನ್ನ ವಾಪಸ್ ಎಸೆಯೋದ್ರಿಂದ ಬರೋದು, ಹಾಗಾಗಿ ಹೊಟ್ಟೆಯ ಕಡೆ ಸುತ್ತಮುತ್ತ ಏನಿದೆಯೋ ಆ ಬಣ್ಣ ಕಾಣ್ತದೆ. ಕೆಂಪು ಕ್ರೇಟಲ್ಲಿ ಹಾಕಿದ ಬಂಗುಡೆಯ ಹೊಟ್ಟೆ ಗುಲಾಬಿ, ನೀಲಿ ಕ್ರೇಟಲ್ಲಿ ಹಾಕಿದ್ದು ತಣ್ಣಗಿನ ಬೂದು. ಇದು ತಿಳಿದ ಮೇಲೆ ಬೆಳ್ಳಿ ಟ್ಯೂಬ್ ಬದಿಗಿಟ್ಟೆ. ಬೆನ್ನಿಗೆ ಥ್ಯಾಲೋ ಗ್ರೀನ್ ಮತ್ತು ಅಲ್ಟ್ರಾಮರೀನ್ ತೆಳ್ಳಗೆ, ಮೇಲೆ ಅಲೆ ಅಲೆ ಕಪ್ಪು ಗೆರೆ, ಹೊಟ್ಟೆಗೆ ಕ್ರೇಟಿನ ಬಣ್ಣವನ್ನೇ ಬಿಳಿಯಲ್ಲಿ ಕಲಸಿ ಹಚ್ಚೋದು. ಬೇಗ ಬೇಗ ಮಾಡ್ಬೇಕು, ನೀರು ಬಿಟ್ಟು ಹೊತ್ತಾದ ಹಾಗೆ ಬೆನ್ನಿನ ಹಸಿರು ಮಂಕಾಗ್ತದೆ, ಅಲ್ಲದೆ ಮಧ್ಯಾಹ್ನದ ಸಾರಿಗೆ ಬೇಕು ಅಂತ ಮನೆಯಲ್ಲಿ ಕಾಯ್ತಾ ಇರ್ತಾರೆ. ಮಾಡೆಲ್‌ಗೆ ಕೊಟ್ಟ ದುಡ್ಡು ವೇಸ್ಟ್ ಆಗದ ಚಿತ್ರಕಲೆ ಇದೊಂದೇ ಇರ್ಬೇಕು.

ಬಿಳಿ ಕ್ಯಾನ್ವಾಸಿನ ಮೇಲೆ ನಾನು ಶುರು ಮಾಡೋದಿಲ್ಲ. ಮೊದಲು ಇಡೀ ಕ್ಯಾನ್ವಾಸಿಗೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಬಣ್ಣ, ಬರ್ಂಟ್ ಸಿಯೆನಾಗೆ ಸ್ವಲ್ಪ ಕಿತ್ತಳೆ ಹಾಕಿ ತೆಳ್ಳಗೆ ಬಳೀತೇನೆ. ಇಲ್ಲಿ ಏನೇ ಇದ್ರೂ ಅದರ ಹಿಂದೆಯೋ ಕೆಳಗೋ ಈ ಕೆಂಪು ಇದ್ದೇ ಇರ್ತದೆ, ಪಾಗಾರದಲ್ಲಿ, ಬಾವಿಕಟ್ಟೆಯಲ್ಲಿ, ಮಾಡಿನ ಹಂಚಿನಲ್ಲಿ, ಅಂಗಳದ ಧೂಳಲ್ಲಿ. ಮೇಲೆ ನೀಲಿ ಹಚ್ಚುವಾಗ ಬೇಕಂತಲೇ ಸಣ್ಣ ಸಣ್ಣ ಸಂದು ಬಿಡ್ತೇನೆ, ಆ ಸಂದಿನಲ್ಲಿ ಕೆಂಪು ಇಣುಕ್ತದೆ, ನೀಲಿ ಒಂದೇ ಸಮ ಮಲಗಿರೋದಿಲ್ಲ, ಅಲುಗ್ತಾ ಇದೆ ಅನ್ನಿಸ್ತದೆ. ಹತ್ತಿರ ಬಂದು ನೋಡಿ ಇಲ್ಲಿ ಬಣ್ಣ ಬಿಟ್ಟು ಹೋಗಿದೆ ಅಂದವರಿದ್ದಾರೆ. ಬಿಟ್ಟದ್ದೇ.

ಇನ್ನು ಯಕ್ಷಗಾನ. ಕಡಲಿಗೂ ಯಕ್ಷಗಾನಕ್ಕೂ ಎಂತ ಸಂಬಂಧ ಅಂದ್ರೆ ನನ್ನ ಲೆಕ್ಕದಲ್ಲಿ ಇದೆ. ಬಡಗುತಿಟ್ಟಿನ, ಅಂದ್ರೆ ನಮ್ಮ ಕಡೆಯ ಯಕ್ಷಗಾನ ಶೈಲಿಯ, ವೇಷದಲ್ಲಿ ಕೆಂಪು, ಹಳದಿ, ಕಪ್ಪು ಚೌಕಳಿಯ ಕಸೆ ಸೀರೆ ಉಡ್ತಾರಲ್ಲ, ಟೆಂಟ್ ಆಟದ ಬೆಳಕಲ್ಲಿ ದೂರದಿಂದ ನೋಡಿದ್ರೂ ಆ ಕೆಂಪು ಕಲಸಿ ಹೋಗೋದಿಲ್ಲ. ಯಾಕಂದ್ರೆ ಪಕ್ಕದಲ್ಲಿ ಕಪ್ಪು ಗೆರೆ ಕಾವಲು ಕೂತಿರ್ತದೆ. ಹಾಗಾಗಿ ನನ್ನ ಬೋಟುಗಳಿಗೂ ಎರಡು ಗಾಢ ಬಣ್ಣ ಸೇರುವ ಕಡೆ ಹೆಚ್ಚುಕಡಿಮೆ ಕಪ್ಪೇ ಅನ್ನಬಹುದಾದ ಗೆರೆ ಇದೆ, ಅಲ್ಟ್ರಾಮರೀನ್ ಮತ್ತು ಬರ್ಂಟ್ ಅಂಬರ್ ಕಲಸಿದ ಕಪ್ಪು, ಟ್ಯೂಬಿನ ಕಪ್ಪು ಅಲ್ಲ, ಅದು ಸತ್ತ ಹಾಗೆ ಕಾಣ್ತದೆ. ಕೆಲವರು ಕಾರ್ಟೂನ್ ತರ ಆಯ್ತು ಅಂದ್ರು. ಆಗ್ಲಿ, ಯಕ್ಷಗಾನದ ರಾಕ್ಷಸರ ಬಣ್ಣದ ವೇಷವೂ ಅಷ್ಟೇ ಅಲ್ವಾ.

ಗಾಢ ಬಣ್ಣ ಅಂದ್ರೆ ಬಿಸಿಲು ಬೇಕು ಅಂತ ಎಲ್ಲರೂ ತಿಳ್ಕೊಂಡಿರ್ತಾರೆ. ಏಪ್ರಿಲ್ ಮೇ ಮಧ್ಯಾಹ್ನ ಮರವಂತೆಗೆ ಹೋಗಿ ನೋಡಿ, ಒಂದು ಕಡೆ ಕಡಲು, ಒಂದು ಕಡೆ ಸೌಪರ್ಣಿಕಾ ಹೊಳೆ, ಮಧ್ಯ ಹೈವೇ, ಜಾಗ ಚಂದವೇ, ಆದ್ರೆ ಆ ಬಿಸಿಲಿಗೆ ಎಲ್ಲ ಬಣ್ಣ ಬಿಳಿಚಿಕೊಂಡಿರ್ತದೆ. ಅದೇ ಜುಲೈಯಲ್ಲಿ ಮಳೆ ಒಂದು ಗಳಿಗೆ ನಿಂತಾಗ, ಆಕಾಶ ಪೂರ್ತಿ ಸೀಸದ ಬಣ್ಣ ಇರುವಾಗ, ಒದ್ದೆ ಟಾರ್ಪಾಲಿನ ನೀಲಿ ನೋಡಿ. ಒಣಗಿದ ಮೇಲ್ಮೈಯಲ್ಲಿ ಬೆಳಕು ಚೆದುರಿ ಒಂದು ತೆಳು ಬಿಳಿ ಮುಸುಕು ಬಿದ್ದಿರ್ತದೆ, ನೀರಿನ ಪದರ ಬಂದ್ರೆ ಆ ಮುಸುಕು ಹೋಗಿ ಒಳಗಿನ ಬಣ್ಣ ಸೀದಾ ಕಾಣ್ತದೆ, ಸಾಲದ್ದಕ್ಕೆ ಹಿಂದೆ ಬೂದು ಆಕಾಶ. ಆ ಹೊತ್ತಲ್ಲಿ ನಿಷೇಧ ಇಲ್ಲದ ಸಣ್ಣ ನಾಡದೋಣಿಯವರು ಮಾತ್ರ ಕಡಲಿಗೆ ಇಳೀತಾರೆ, ಅವರ ಕಿತ್ತಳೆ ಲೈಫ್ ಜಾಕೆಟ್ಟು, ಹಳದಿ ರೈನ್‌ಕೋಟು ಕೂಡ ಆ ಬೂದು ಮುಂದೆ ಹಾಗೇ ಉರೀತದೆ. ಈ ಸೀರೀಸಿನ ಅತಿ ಗಾಢ ಚಿತ್ರಗಳೆಲ್ಲ ಮಳೆಗಾಲದ್ದು ಅಂದ್ರೆ ಯಾರೂ ನಂಬೋದಿಲ್ಲ.

ಇದೇ ಉಪಾಯವನ್ನ ಮುಗಿಸುವಾಗಲೂ ಬಳಸ್ತೇನೆ. ಒದ್ದೆಯಾಗಿ ಕಾಣಬೇಕಾದ ಜಾಗಕ್ಕೆ ಮಾತ್ರ ಹೊಳಪು ಕೊಡುವ ಗ್ಲಾಸ್ ಮೀಡಿಯಂ, ಮರಳು ಗೋಡೆ ಎಲ್ಲ ಹೊಳಪಿಲ್ಲದ ಮ್ಯಾಟ್. ಫ್ಲೋರೆಸೆಂಟ್ ಬಣ್ಣ ಮುಟ್ಟೋದಿಲ್ಲ, ಬಿಸಿಲಿಗೆ ಬೇಗ ಮಾಸ್ತದೆ, ಲೈಫ್ ಜಾಕೆಟ್ಟಿಗೂ ಸಾದಾ ಕಿತ್ತಳೆಯೇ, ಸುತ್ತ ಬೂದು ಇಟ್ರೆ ಅದೇ ಫ್ಲೋರೆಸೆಂಟ್ ಆಗ್ತದೆ. ಥ್ಯಾಲೋ ಬ್ಲೂ ಹುಷಾರು, ಸಾಸಿವೆಯಷ್ಟು ಹಾಕಿದ್ರೂ ಇಡೀ ಪ್ಯಾಲೆಟ್ ನುಂಗ್ತದೆ. ಬೇಸಿಗೆಯಲ್ಲಿ ದಡದ ಗಾಳಿಗೆ ಅಕ್ರಿಲಿಕ್ ಬ್ರಷ್‌ನಲ್ಲೇ ಒಣಗ್ತದೆ, ಅದಕ್ಕೆ ಸ್ಟೀಲ್ ತಟ್ಟೆಯಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಬಟರ್ ಪೇಪರ್, ಅದರ ಮೇಲೆ ಬಣ್ಣ. ಮಳೆಗಾಲದಲ್ಲಿ ಸಮಸ್ಯೆ ಉಲ್ಟಾ, ಜಲವರ್ಣದ ಕಾಗದ ಒಣಗೋದೇ ಇಲ್ಲ, ಕ್ಯಾನ್ವಾಸಿನ ಹಿಂದೆ ಬೂಷ್ಟು ಹಿಡೀತದೆ, ಹಾಗಾಗಿ ಮುಗಿದದ್ದನ್ನ ಒಂದು ಸಣ್ಣ ರೂಮಲ್ಲಿ ಹಳೆ ಬಲ್ಬ್ ಉರಿಸಿ ನಿಲ್ಲಿಸಿ ಇಡೋದು. ಮೊಬೈಲ್ ಫೋಟೋ ತೆಗೀತೇನೆ, ಆದ್ರೆ ಬಣ್ಣಕ್ಕಲ್ಲ, ಫೋನು ತನಗೆ ಬೇಕಾದ ಹಾಗೆ ನೀಲಿ ಜಾಸ್ತಿ ಮಾಡಿಬಿಡ್ತದೆ. ಹಗ್ಗದ ಗಂಟು ಎಲ್ಲಿತ್ತು, ಬೋಟಿನ ಮೇಲೆ ಐಎನ್‌ಡಿ ಕೆಎ ಅಂತ ನಂಬರ್ ಬರೆದ ಅಕ್ಷರ ಹೇಗಿತ್ತು, ಅಂಥದ್ದಕ್ಕೆ ಮಾತ್ರ. ಬಣ್ಣವನ್ನ ಅಲ್ಲೇ ಸ್ಕೆಚ್ ಬುಕ್ಕಿನಲ್ಲಿ ಚೌಕ ಚೌಕ ಹಚ್ಚಿ ಪಕ್ಕದಲ್ಲಿ ಬರೆದುಕೊಳ್ತೇನೆ, ಇದು ಬಲೆ, ಇದು ನೆರಳಲ್ಲಿದ್ದ ಬಲೆ ಅಂತ.

1905ರಲ್ಲಿ ಚಿತ್ರಕಾರರಾದ ಮಾತೀಸ್ ಮತ್ತು ದೆರೇನ್ ಇಬ್ಬರೂ ದಕ್ಷಿಣ ಫ್ರಾನ್ಸಿನ ಕೊಲಿಯೂರ್ ಅನ್ನೋ ಮೀನುಗಾರರ ಊರಿಗೆ ಹೋಗಿ ಬೇಸಿಗೆಯಿಡೀ ಕೂತು ಬೋಟು ಬರೆದದ್ದು, ಅಲ್ಲಿಂದಲೇ ಫಾವಿಸಂ ಅನ್ನೋ ಗಾಢ ಬಣ್ಣದ ಚಿತ್ರಶೈಲಿ ಶುರುವಾದದ್ದು, ಕಲಾ ಶಾಲೆಗೆ ಹೋದವರಿಗೆಲ್ಲ ಗೊತ್ತು. ನಮ್ಮ ಚಿತ್ರಕಾರ ಕೆ.ಕೆ. ಹೆಬ್ಬಾರರು 1911ರಲ್ಲಿ ಹುಟ್ಟಿದ್ದು ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ, ಅವರ ಗೆರೆ ನೋಡಿ ಬೆಳೆದವ ನಾನು. ಇವರನ್ನೆಲ್ಲ ನೋಡಿ ಕಲಿತದ್ದು ಬೇಕಾದಷ್ಟಿದೆ. ಆದ್ರೆ ಬೋಟಿನ ವಿಷಯದಲ್ಲಿ ಕ್ರಿಟಿಕ್ ಅಂದ್ರೆ ಬೋಟು ನಡೆಸುವ ತಾಂಡೇಲರು. ಒಬ್ಬರು ನನ್ನ ಹಿಂದೆ ತುಂಬಾ ಹೊತ್ತು ನಿಂತು ನೋಡಿ, "ಹ್ವಾಯ್, ಬಣ್ಣ ಎಲ್ಲ ಸಮ ಇತ್ತ್, ಆದ್ರೆ ಈ ಹಗ್ಗ ಹೀಂಗ್ ಕಟ್ರೆ ಬೋಟ್ ನಾಳೆ ಕೋಡಿ ಬದಿಯಂಗ್ ಸಿಕ್ಕುದ್" ಅಂದ್ರು, ಗಂಟು ಬಿಚ್ಚಿ ಬೋಟು ಆಚೆ ದಡದ ಕೋಡಿಗೆ ತೇಲಿ ಹೋಗ್ತದೆ ಅಂತ. ಹಗ್ಗ ಸರಿ ಮಾಡಿದೆ. ಬಣ್ಣದ ಬಗ್ಗೆ ಅವರು ತಕರಾರು ಮಾಡಿದ್ದೇ ಇಲ್ಲ, ಬಿಳಿ ಬೋಟನ್ನ ಹಳದಿ ಮಾಡಿದ್ದಕ್ಕೂ ಇಲ್ಲ.

ಅದೇ ತಾಂಡೇಲರು ಈಗ ಕ್ಯಾಬಿನ್ನಿಗೆ ಯಾವ ಬಣ್ಣ ಹೊಡ್ಸುವ ಅಂತ ಎನಾಮೆಲ್ ಶೇಡ್ ಕಾರ್ಡ್ ಹಿಡ್ಕೊಂಡು ಮನೆಗೇ ಬಂದಿದ್ರು. ನಾನು ಭಾರಿ ಯೋಚನೆ ಮಾಡಿ, ಕೆಳಗಿನ ಕಡುನೀಲಿಗೆ ಹೊಂದುತ್ತೆ ಅಂತ ಒಂದು ಮಾವಿನಹಣ್ಣಿನ ಹಳದಿ ತೋರಿಸಿದೆ, ಕಾರಣವನ್ನೂ ವಿವರಿಸಿದೆ. ಅವರು ತಲೆ ಆಡಿಸಿ ಹೋದ್ರು. ಮನೆಯಲ್ಲಿ ಸಣ್ಣ ಮಗಳು ಗುಲಾಬಿ ಅಂದ್ಲಂತೆ, ಗುಲಾಬಿಯೇ ಆಯ್ತು. ಆಗಸ್ಟಲ್ಲಿ ಬೋಟು ನೀರಿಗೆ ಇಳಿದ ಮೇಲೆ ನೋಡಿದೆ, ಕಡುನೀಲಿ ಮೇಲೆ ಆ ಗುಲಾಬಿ, ಮಧ್ಯ ಒಂದು ಬಿಳಿ ಪಟ್ಟಿ. ನಾನು ಹೇಳಿದ ಹಳದಿಗಿಂತ ಚಂದ ಇತ್ತು. ಮುಂದಿನ ದೊಡ್ಡ ಕ್ಯಾನ್ವಾಸ್ ಅದೇ, ಮೆಜೆಂಟಾ ಟ್ಯೂಬ್ ಎರಡು ತರಿಸಿದ್ದೇನೆ.