ಮುರಕಲ್ಲಿನ ಅಂಗಳದಲ್ಲಿ ಕೇಪಳ, ನೆಕ್ಕರಿಕದ ಗಾರ್ಡನ್: ನನ್ನ ಅನುಭವ

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಗುಡ್ಡೆ ಮೇಲೆ ಮನೆ ಕಟ್ಟಿದವರಿಗೆ ಗೊತ್ತುಂಟು, ಅಂಗಳದಲ್ಲಿ ಅರ್ಧ ಅಡಿ ಮಣ್ಣು ಸಿಕ್ಕಿದ್ರೆ ಪುಣ್ಯ, ಕೆಳಗೆ ಪೂರ್ತಿ ಮುರಕಲ್ಲು, ಅಂದ್ರೆ ಕೆಂಪು ಜಂಬಿಟ್ಟಿಗೆ ಕಲ್ಲು. ವರ್ಷಕ್ಕೆ 3500 ಮಿಲಿಮೀಟರ್ ಹತ್ರ ಮಳೆ, ಅದರಲ್ಲಿ ಹೆಚ್ಚಿನದ್ದು ಜೂನಿಂದ ಸೆಪ್ಟೆಂಬರ್ ಒಳಗೇ ಬಿದ್ದು ಮುಗೀತದೆ, ಮಾರ್ಚಲ್ಲಿ ಕುಡಿಲಿಕ್ಕೆ ನೀರು ಸಾಕಾದ್ರೆ ಸಾಕು. ಈ ಜಾಗದಲ್ಲಿ ಈಗ ನನ್ನ ಮನೆ ಎದುರು ಬೇಸಗೆಗೆ ನೀರು ಹಾಕದೆಯೇ ಕೇಪಳ, ಅಂದ್ರೆ ಕಾಡು ಎಕ್ಸೋರ, ಕೆಂಪಾಗಿ ಹೂ ಬಿಡ್ತಾ ಉಂಟು. ಆಗ್ಲಿಕ್ಕಿಲ್ಲ ಅಂದವರೇ ಈಗ ಬಂದು ಹೇಗೆ ಮಾಡಿದ್ದು ಕೇಳ್ತಾರೆ, ಪ್ರತಿಯೊಬ್ಬರಿಗೂ ಹೇಳಿ ಸುಸ್ತಾಗಿ ಒಮ್ಮೆ ಬರೆದೇ ಬಿಡುವ ಅಂತ ಕೂತದ್ದು.

ಮೊದಲು ಎಲ್ಲರ ಹಾಗೆ ಲಾನೇ ಹಾಕ್ಸಿದ್ದು. ಲ್ಯಾಂಡ್‌ಸ್ಕೇಪಿನವರು ಬಂದು ಏಳೆಂಟು ಟಿಪ್ಪರ್ ಕೆಂಪು ಮಣ್ಣು ತುಂಬಿಸಿ, ಮೇಲೆ ಮೆಕ್ಸಿಕನ್ ಹುಲ್ಲು ಹಾಸಿ, ಬದಿಗೆ ಸಾಲಾಗಿ ಗಿಡ್ಡ ಜಾತಿ ಎಕ್ಸೋರ ನೆಟ್ಟು ಹೋದ್ರು, ಎಲ್ಲ ಸೇರಿ ಎಪ್ಪತ್ತು ಸಾವಿರದ ಹತ್ರ ಆಯ್ತು. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ತುಂಬಿಸಿದ ಮಣ್ಣಲ್ಲಿ ಕಾಲು ಭಾಗ ಗೇಟಿನ ಕೆಳಗಿಂದ ಮಾರ್ಗಕ್ಕೆ ಹೋಯ್ತು, ಉಳಿದ ಹುಲ್ಲು ಫೆಬ್ರವರಿಗೆ ಚಾಪೆ ಆಯ್ತು. ಟ್ಯಾಂಕರ್ ನೀರು ಹಾಕಿ ಉಳಿಸ್ಲಿಕ್ಕೆ ನೋಡಿದೆ, ತಿಂಗಳಿಗೆ ನಾಲ್ಕೈದು ಸಾವಿರ, ಯಾರಿಗೆ ಪೂರೈಸ್ತದೆ ಮಾರಾಯ್ರೆ.

ಎರಡನೇ ಸಲ ನರ್ಸರಿ ಗಿಡ, ಒಂದೊಂದು ನೂರೈವತ್ತು ಇನ್ನೂರು ಕೊಟ್ಟು ತಂದದ್ದು, ಪಿಕ್ಕಾಸಿನಲ್ಲಿ ಎರಡಡಿ ಗುಂಡಿ ಒಡೆಸಿ ಹಟ್ಟಿಗೊಬ್ಬರ ತುಂಬಿ ನೆಟ್ಟದ್ದು, ಅದರಲ್ಲಿ ಮುಕ್ಕಾಲು ಪಾಲು ಜುಲೈಯಲ್ಲೇ ಹಳದಿ ಆಗಿ ಹೋಯ್ತು. ಕಿತ್ತು ನೋಡಿದ್ರೆ ಬೇರು ಕಪ್ಪಾಗಿ ಕೊಳೆತು ವಾಸನೆ ಬರ್ತಿತ್ತು, ಗುಂಡಿಯಲ್ಲಿ ಮೊಣಕೈಯಷ್ಟು ನೀರು. ಅಲ್ಲಿ ನನಗೆ ವಿಷಯ ಹೊಳೆದದ್ದು. ಗಟ್ಟಿ ಮುರದಲ್ಲಿ ಗುಂಡಿ ತೆಗೆದ್ರೆ ಅದು ತಳ ಒಡೆಯದ ಮಡಕೆಯ ಹಾಗೆ, ಮಳೆಗೆ ಗಿಡ ಮುಳುಗಿ ಸಾಯ್ತದೆ, ಬೇಸಗೆಗೆ ಅದೇ ಗಿಡದ ಬೇರು ಹೊರಗೆ ಹೋಗ್ಲಿಕ್ಕೆ ದಾರಿ ಇಲ್ಲದೆ ಒಣಗ್ತದೆ.

ಹಾಗಾಗಿ ಗುಂಡಿ ಬಿಟ್ಟು ಕಾಲುವೆ ಹಾಗೆ ಕಣಿ ತೆಗೆಸಿದೆ. ಎರಡಡಿ ಅಗಲ, ಒಂದೂವರೆ ಅಡಿ ಆಳ, ಇಳಿಜಾರಿಗೆ ಸ್ವಲ್ಪ ಓರೆಯಾಗಿ, ಕೆಳಗಿನ ತುದಿ ತೆರೆದಿರಬೇಕು, ಇದು ಬಹಳ ಮುಖ್ಯ. ತಳಕ್ಕೆ ತೆಂಗಿನ ಸಿಪ್ಪೆ, ಕುಳಿ ಮೇಲಾಗಿ, ಎರಡು ವರಸೆ. ಅದರ ಮೇಲೆ ಅಲ್ಲೇ ಒಡೆದ ಮುರದ ಪುಡಿ ಮತ್ತು ಕಾಡಿನ ಮೇಲ್ಮಣ್ಣು ಅರ್ಧರ್ಧ, ನೆಲಮಟ್ಟಕ್ಕಿಂತ ಅರ್ಧ ಅಡಿ ಎತ್ತರ ಏರಿ ಬರುವ ಹಾಗೆ. ಹಟ್ಟಿಗೊಬ್ಬರ ಮೊದಲ ವರ್ಷ ಹಾಕಲೇ ಇಲ್ಲ. ಆಳಿನ ಸಂಬಳ ದಿನಕ್ಕೆ ಸಾವಿರದ ಹತ್ರ, ಇಬ್ಬರು ಒಂದು ವಾರ ಮಾಡಿರಬಹುದು.

ಗಿಡಕ್ಕೆ ನಾನು ನರ್ಸರಿ ಕಡೆ ತಲೆಯೇ ಹಾಕ್ಲಿಲ್ಲ. ಪಾರೆ (ಬರೀ ಕಲ್ಲಿನ ಗುಡ್ಡೆ) ಮೇಲೆ ಯಾರೂ ನೀರು ಹಾಕದೆ ಬದುಕಿದ್ದು ಯಾವುದು ಅಂತ ಏಪ್ರಿಲ್ ಬಿಸಿಲಲ್ಲಿ ಹೋಗಿ ನೋಡಿದೆ. ಕಾಡು ಕೇಪಳ, ನೇರಳೆ ಬಣ್ಣದ ಹೂವಿನ ನೆಕ್ಕರಿಕ, ಸಣ್ಣ ಹಣ್ಣಿನ ಕುಂಟುನೇರಳೆ, ಮುಳ್ಳಿನ ಕರಂಡೆ. ಇಷ್ಟೇ ಸಾಕು ಅಂದೆ. ಭಾವ ಬಂದು, "ಎಂಥ ಭಾವ, ಲಕ್ಷಗಟ್ಲೆ ಹಾಕಿ ಮನೆ ಕಟ್ಟಿ ಎದುರಿಗೆ ಬಲ್ಲೆ ನೆಡ್ತೀರಾ, ಹಾವು ಬರ್ತದೆ" ಅಂದ್ರು. ಅತ್ತೆಗೂ ಅದೇ ಹೆದರಿಕೆ. ಅದಕ್ಕೆ ಗೋಡೆಯಿಂದ ಆರಡಿ ಪೂರ್ತಿ ಖಾಲಿ, ಬರೇ ಜಲ್ಲಿ. ಅಲ್ಲಿಂದ ಆಚೆ ನೆಕ್ಕರಿಕ, ಅದರ ಹಿಂದೆ ಕೇಪಳ, ಕಾಂಪೌಂಡಿಗೆ ತಾಗಿ ಕುಂಟುನೇರಳೆ, ದನ ನುಗ್ಗುವ ಕಡೆ ಮಾತ್ರ ಕರಂಡೆ. ಸಾಲಾಗಿ ನೆಡಬೇಡಿ, ಸಾಲಲ್ಲಿ ಒಂದು ಸತ್ರೆ ಕಣ್ಣು ಅಲ್ಲಿಗೇ ಹೋಗ್ತದೆ. ಒಂದೇ ಜಾತಿ ಐದಾರು ಗಿಡ ಒಟ್ಟಿಗೆ ಎರಡಡಿ ಅಂತರದಲ್ಲಿ ಗುಂಪಾಗಿ ನೆಟ್ರೆ ಒಂದೆರಡು ಹೋದ್ರೂ ಗೊತ್ತೇ ಆಗೋದಿಲ್ಲ. ಮಿಯಾವಾಕಿ (ದಟ್ಟ ಕಾಡು ಬೆಳೆಸುವ ಜಪಾನಿನ ಕ್ರಮ) ಮಾಡು ಅಂತ ಹೇಳಿದವರೂ ಇದ್ರು, ಚದರ ಮೀಟರಿಗೆ ಮೂರು ನಾಲ್ಕು ಗಿಡ, ಮನೆ ಹಿಂದೆ ಜಾಗ ಇದ್ದವರಿಗೆ ಒಳ್ಳೇದೇ, ಜಗಲಿ ಎದುರಿಗೆ ಕತ್ತಲೆ ಆಗ್ತದೆ.

ಗುಡ್ಡೆಯಿಂದ ದೊಡ್ಡ ಗಿಡ ಕಿತ್ತು ತಂದ್ರೆ ಬದುಕೋದಿಲ್ಲ, ತಾಯಿಬೇರು ಕಲ್ಲಿನ ಒಡಕಿನೊಳಗೆ ಇರ್ತದೆ, ತುಂಡಾದ್ರೆ ಮುಗೀತು. ಕೇಪಳವನ್ನು ಪೆನ್ಸಿಲ್ ದಪ್ಪದ ಕಡ್ಡಿಯಿಂದಲೇ ಮಾಡಿದ್ದು, ಪತ್ತನಾಜೆ (ಮೇ ಕೊನೆಯ ವಾರ) ಕಳೆದು ಮೊದಲ ಮಳೆ ಹಿಡಿದ ಮೇಲೆ. ನೂರಕ್ಕೆ ಎಪ್ಪತ್ತು ಹಿಡಿದಿರಬಹುದು. ಕಡ್ಡಿಯನ್ನು ರಾತ್ರಿ ಒಂದು ನೀರಲ್ಲಿ ಅದ್ದಿ ಇಡ್ಲಿಕ್ಕೆ ಉಂಟು, ಅದು ಯಾವ ನೀರು ಅಂತ ಇಲ್ಲಿ ಬರೆಯೋದಿಲ್ಲ, ಮನೆಗೆ ಬಂದವರಿಗೆ ತೋರಿಸ್ತೇನೆ.

ಗಿಡದ ಬುಡದ ಮುಚ್ಚಿಗೆಗೆ ಅಡಿಕೆ ಸೋಗೆ ಹಾಕಿದ್ರೆ ಜನವರಿಗೆ ಗೆದ್ದಲು ಬಂತು, ಗ್ಲಿರಿಸಿಡಿಯಾ (ಗೊಬ್ಬರದ ಗಿಡ) ಸೊಪ್ಪು ಕಡಿದು ಹಾಕಿದ ಮೇಲೆ ತೊಂದರೆ ಇಲ್ಲ. ಮೊದಲ ಬೇಸಗೆ ವಾರಕ್ಕೊಮ್ಮೆ ಪಾತ್ರೆ ತೊಳೆದ ನೀರು ಕೊಟ್ಟದ್ದು, ಎರಡನೇ ಬೇಸಗೆ ಒಂದೆರಡು ಸಲ, ಆಮೇಲೆ ಪೈಪ್ ಸುತ್ತಿ ಇಟ್ಟೆ.

ನಡುವೆ ಉಪ್ಪಿನ ಪ್ರಯೋಗವೂ ಆಯ್ತು. ಮುರಕಲ್ಲಲ್ಲಿ ತೆಂಗು ನೆಡುವ ಗುಂಡಿಗೆ ಆರು ತಿಂಗಳು ಮೊದಲೇ 2 ಕಿಲೋ ಉಪ್ಪು ಹಾಕಿ ಕಲ್ಲು ಸಡಿಲ ಮಾಡುವ ಕ್ರಮ ಉಂಟಲ್ಲ, ಅದನ್ನೇ ಒಂದು ಕಣಿಗೆ ಮಾಡಿ ನೋಡಿದೆ. ಕಲ್ಲು ಮೆದು ಆದದ್ದು ಹೌದು, ಆದ್ರೆ ಕೇಪಳದ ಎಲೆಯ ಅಂಚು ಸುಟ್ಟ ಹಾಗೆ ಆಯ್ತು, ತೆಂಗಿಗೇ ಇರಲಿ ಅದು. ಮತ್ತೆ ಒಂದು ಮೂಲೆ ಪಾರೆಯನ್ನು ಇಂಟರ್‌ಲಾಕ್ ಹಾಕದೆ ಹಾಗೇ ಬಿಟ್ಟೆ, ಮಳೆಗಾಲದಲ್ಲಿ ನೀರು ಒಸರುವ ಜಾಗ, ಓಣಂ ಹೊತ್ತಿಗೆ ಅಲ್ಲಿ ಕಾಕ್ಕಪ್ಪೂವು ಬಂತು, ಬೆರಳುದ್ದದ ದಂಟಿನ ತುದಿಯಲ್ಲಿ ಸಣ್ಣ ನೀಲಿ ಹೂ, ಕೂತು ನೋಡಿದ್ರೆ ಮಾತ್ರ ಕಾಣ್ತದೆ. ಕಣ್ಣೂರಿನ ಮಾಡಾಯಿಪ್ಪಾರೆ ಗುಡ್ಡೆಗೆ ಇದನ್ನು ನೋಡ್ಲಿಕ್ಕೆ ಜನ ಹೋಗ್ತಾರೆ, ನನ್ನ ಅಂಗಳದಲ್ಲಿ ಪುಕ್ಕಟೆ. ಭಾವ ಈಗ ಅವರ ಮನೆಯ ಇಂಟರ್‌ಲಾಕ್ ಎರಡು ಕಡೆ ತೆಗೆಸಿದ್ದಾರೆ.

ಒಟ್ಟು ಖರ್ಚು ಹದಿನೈದು ಹದಿನಾರು ಸಾವಿರ, ಹೆಚ್ಚಿನದ್ದು ಆಳಿಗೇ. ಮಾರ್ಚಿಂದ ಮೇ ತನಕ ಕೇಪಳ ಹೂ, ಕುಂಟುನೇರಳೆ ಹಣ್ಣಿಗೆ ಪಿಕಳಾರ ಹಕ್ಕಿಗಳ ಗಲಾಟೆ ಬೆಳಿಗ್ಗೆ ಆರಕ್ಕೇ ಶುರು. ಕೇಪಳದ ಕಡ್ಡಿ ಬೇಕಾದವರು ಪತ್ತನಾಜೆ ಒಳಗೆ ಹೇಳಿ ಇಡಿ, ನೆಕ್ಕರಿಕ ಸಸಿ ಈ ವರ್ಷ ಕೊಡ್ಲಿಕ್ಕೆ ಇಲ್ಲ, ಬಾವಿಯ ಬದಿಗೆ ನನಗೇ ಬೇಕು.