ಫೋಕಸ್ ಲೈಟ್ ಆರಿಸಿದ ಮೇಲೆ

ತುಮಕೂರಿನ ಒಂದು ಛತ್ರದಲ್ಲಿ ಮದುವೆ. ನಾನು ಫೋಟೋ ತೆಗೆಯಲು ಹೋಗಿದ್ದೆ. ಮುಹೂರ್ತ ಹತ್ತಿರ ಬಂದಿತ್ತು. ಅಂತರಪಟದ ಹಿಂದೆ ಮದುಮಗಳು ಜೀರಿಗೆ ಬೆಲ್ಲ ಹಿಡಿದು ನಿಂತಿದ್ದಳು. ನಮ್ಮ ವಿಡಿಯೋದ ಹುಡುಗ ಮೂರಡಿ ದೂರದಿಂದ ಲೈಟು ಹಿಡಿದಿದ್ದ. ಪಟ ಇಳಿಯಿತು, ಗಟ್ಟಿಮೇಳ ಎದ್ದಿತು. ಅವಳು ಮದುಮಗನ ಮುಖ ನೋಡಲೇ ಇಲ್ಲ. ಕಣ್ಣು ಕಿವುಚಿ ತಲೆ ತಗ್ಗಿಸಿಬಿಟ್ಟಳು.

ಆಲ್ಬಮ್ ನೋಡಿದವರೆಲ್ಲ "ಎಷ್ಟು ನಾಚಿಕೆ ನೋಡಿ" ಅಂದರು. ಅದು ನಾಚಿಕೆಯಲ್ಲ, ನಮ್ಮ ಲೈಟು ಅಂತ ನನಗೆ ಗೊತ್ತಿತ್ತು. ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಬೇಕಿದ್ದ ಗಳಿಗೆಯನ್ನು ನಾವೇ ಕಿತ್ತುಕೊಂಡಿದ್ದೆವು.

ಅವತ್ತಿನಿಂದ ಮುಹೂರ್ತದ ಹೊತ್ತಿಗೆ ಎದುರಿನ ಲೈಟು ಆರಿಸುತ್ತೇನೆ. ಹೇಳಿದಷ್ಟು ಸುಲಭ ಅಲ್ಲ. ಛತ್ರದ ವೇದಿಕೆಯ ಮೇಲೆ ಈಗ ಗುಲಾಬಿ, ನೀಲಿ ಎಲ್‌ಇಡಿಗಳು ಜಾಸ್ತಿ. ರಿಸೆಪ್ಷನ್‌ಗೆ ಚೆನ್ನಾಗಿರುತ್ತೆ, ಬೇಡ ಅನ್ನಲ್ಲ. ಆದರೆ ಧಾರೆಯ ಹೊತ್ತಿಗೂ ಉರಿಯುತ್ತಿದ್ದರೆ ಅರಿಶಿನ ಹಚ್ಚಿದ ಕೆನ್ನೆ ನೇರಳೆ ಆಗುತ್ತದೆ. ಒಂದು ಬಣ್ಣ ಮಿತಿ ಮೀರಿ ತುಂಬಿಕೊಂಡರೆ ಕ್ಯಾಮೆರಾ ತಿದ್ದದೆ ಉಳಿಸುವ ರಾ ಫೈಲಿನಲ್ಲೂ ಚರ್ಮದ ನಯ ವಾಪಸ್ ಬರಲ್ಲ. ಹಾಗಾಗಿ ಹಿಂದಿನ ಸಂಜೆಯೇ ಹುಡುಗಿಯ ಅಪ್ಪನನ್ನೂ ಡೆಕೋರೇಷನ್‌ನವರನ್ನೂ ಒಟ್ಟಿಗೆ ಕೂರಿಸಿ ಕೇಳಿಕೊಳ್ಳುತ್ತೇನೆ: "ಮುಹೂರ್ತಕ್ಕೆ ಅರ್ಧ ಗಂಟೆ ಬಣ್ಣದ ಲೈಟು ಆರಿಸಿ ಅಣ್ಣ, ಬಿಳಿದು ಮಾತ್ರ ಇರಲಿ." ಮದುವೆ ದಿನ ಬೆಳಿಗ್ಗೆ ಕೇಳಿದರೆ ಯಾರ ಕಿವಿಗೂ ಬೀಳಲ್ಲ.

ಇನ್ನೊಂದು ಪಾಠ ಕಣ್ಣೀರು ಹಾಕಿ ಕಲಿತೆ. ಒಂದು ಮದುವೆಯಲ್ಲಿ ಮಾಂಗಲ್ಯ ಕಟ್ಟುವಾಗ ಶಟರ್ ಸೆಕೆಂಡಿನ 1/320 ಭಾಗ ಮಾತ್ರ ತೆರೆದಿರುವ ಹಾಗೆ, ಅದೂ ಸೈಲೆಂಟ್ ಶಟರ್‌ನಲ್ಲಿ ತೆಗೆದೆ. ಸದ್ದು ಆಗಬಾರದು ಅಂತ. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಚಿತ್ರದ ತುಂಬ ಅಡ್ಡಡ್ಡ ಕಪ್ಪು ಪಟ್ಟಿ. ನಮ್ಮ ಕರೆಂಟು 50 ಹರ್ಟ್ಸ್. ಅಂದರೆ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣಲ್ಲ, ಕ್ಯಾಮೆರಾಗೆ ಕಾಣುತ್ತದೆ. ಶಟರ್ 1/100 ಅಥವಾ 1/50 ಇಟ್ಟರೆ ಪಟ್ಟಿ ಬಹುತೇಕ ಹೋಗುತ್ತದೆ. ಡೆಕೋರೇಷನ್ ಎಲ್‌ಇಡಿಗಳ ಮಿನುಗು ಮಾತ್ರ ಬೇರೆ ಬೇರೆ. ಅದಕ್ಕೇ ಈಗ ಖಾಲಿ ವೇದಿಕೆಯಲ್ಲಿ ನಾಲ್ಕಾರು ಶಟರ್ ವೇಗದಲ್ಲಿ ತೆಗೆದು, ದೊಡ್ಡದು ಮಾಡಿ ನೋಡುತ್ತೇನೆ. ಐದು ನಿಮಿಷದ ಕೆಲಸ. 1/100ರಲ್ಲಿ ಕೈ ಆಡಿದರೆ ಚಿತ್ರ ಅಲುಗುತ್ತೆ, ನಿಜ. ಆದರೆ ತಾಳಿ ಕಟ್ಟುವಾಗ ಓಡಾಟ ಎಲ್ಲಿರುತ್ತೆ? ಉಸಿರು ಬಿಗಿಹಿಡಿದರೆ ಸಾಕು.

ಮದುವೆಗಳಲ್ಲಿ ನನಗೆ ತುಂಬ ಇಷ್ಟದ ಜಾಗ ಮದುಮಗಳ ಕೋಣೆ. ನಾನು ಹೆಣ್ಣಾದ್ದರಿಂದ ಒಳಗೆ ಬಿಡುತ್ತಾರೆ. ಕಿಟಕಿ ಪಕ್ಕ ಅವಳನ್ನು ಕೂರಿಸಿ, ಟ್ಯೂಬ್‌ಲೈಟ್ ಆರಿಸುತ್ತೇನೆ. ಸೋದರತ್ತೆ ಜಡೆಗೆ ಹೂವು ಕಟ್ಟುತ್ತಿರುತ್ತಾರೆ, ಬಾಯಲ್ಲಿ ಎರಡು ಹೇರ್‌ಪಿನ್ ಕಚ್ಚಿಕೊಂಡು. ಬೆಳಕು ಬರೀ ಒಂದು ಕಡೆಯಿಂದ. ಮಲ್ಲಿಗೆಯ ಒಂದೊಂದು ಮೊಗ್ಗೂ ಬೇರೆಯಾಗಿ ಕಾಣುತ್ತದೆ.

ಕುಟುಂಬದ ಫೋಟೋಗೆ ಕರೆದರೆ ಮೊದಲು ದೇವರಾಯನದುರ್ಗಕ್ಕೋ ಮಂದಾರಗಿರಿಗೋ ಹೋಗೋಣ ಅಂತಾರೆ. ಹೋಗಿದ್ದೇನೆ. ಮಕ್ಕಳು ಖುಷಿಯಾಗಿ ಓಡಾಡುತ್ತಾರೆ, ಮಂಡಿ ನೋವಿನ ಅಜ್ಜಿ ಕಾರಿನಲ್ಲೇ ಉಳಿಯುತ್ತಾರೆ. ಈಗ ನಿಮ್ಮ ಮನೆಯಲ್ಲೇ ತೆಗೆಯೋಣ ಅಂತೀನಿ. ಬೆಳಿಗ್ಗೆ ಎಂಟರ ಹೊತ್ತು, ತಲೆಬಾಗಿಲಿನಿಂದ ಎರಡು ಹೆಜ್ಜೆ ಒಳಗೆ, ಎಲ್ಲರೂ ಬೀದಿಗೆ ಮುಖ ಮಾಡಿ. ಬಾಗಿಲಿನ ಬೆಳಕಿನಷ್ಟು ಮೆತ್ತಗಿನ ಬೆಳಕು ಲೈಟನ್ನು ಮೆತ್ತಗೆ ಮಾಡಲು ನಾನು ಬಳಸುವ ಯಾವ ಸಾಫ್ಟ್‌ಬಾಕ್ಸೂ ಕೊಟ್ಟಿಲ್ಲ.

ಕಿರುಚಿತ್ರ ಮಾಡುವಾಗ ಇರುವ ಬೆಳಕಿನಲ್ಲೇ ತೆಗೆಯುವ ಈ ರೂಢಿಯೇ ಕೈಹಿಡಿಯಿತು. ಗುಬ್ಬಿ ಕಡೆ ಒಂದು ತೋಟದ ಮನೆ, ನಾಲ್ಕು ಜನ ಸ್ನೇಹಿತರು, ಬಾಡಿಗೆ ಲೈಟಿಗೆ ದುಡ್ಡಿಲ್ಲ. ಸೆಕೆಂಡಿಗೆ 25 ಫ್ರೇಮು, ಶಟರ್ 1/50. ಮನೆಯ ಬಲ್ಬು ಮಿನುಗದೆ ಬಂತು. ತೊಂದರೆ ಕೊಟ್ಟಿದ್ದು ಸದ್ದು. ತ್ರೀ ಫೇಸ್ ಕರೆಂಟು ಬಂದ ಕೂಡಲೇ ಸುತ್ತಲಿನ ತೋಟದ ಮೋಟಾರುಗಳೆಲ್ಲ ಶುರು. ಪಕ್ಕದ ತೋಟದವರನ್ನು "ಸ್ವಲ್ಪ ನಿಲ್ಲಿಸ್ತೀರಾ" ಅಂತ ಕೇಳಲು ಮನಸ್ಸು ಬರಲಿಲ್ಲ. ಅಡಿಕೆಗೆ ನೀರು ಬೇಕಲ್ವಾ. ಕರೆಂಟು ಬರುವ ಹೊತ್ತು ಕೇಳಿಕೊಂಡು, ಮಾತಿಲ್ಲದ ದೃಶ್ಯಗಳನ್ನು ಆಗ ತೆಗೆದೆವು. ಮಾತಿನ ದೃಶ್ಯಗಳನ್ನು ಕರೆಂಟು ಹೋದ ಮೇಲೆ.

ಕೊನೆಯ ದೃಶ್ಯದಲ್ಲಿ ತಾಯಿ ಒಲೆ ಮುಂದೆ ಕೂತು ಮಗನ ಕಾಗದ ಓದಬೇಕು. ಪಾತ್ರ ಮಾಡಿದವರು ಆ ಮನೆಯವರೇ, ಹಿಂದೆ ಕ್ಯಾಮೆರಾ ಎದುರು ನಿಂತವರಲ್ಲ. ಸಂಜೆ ಆರಾಗಿತ್ತು. ಬೆಳಕು ಸಾಲುತ್ತಿರಲಿಲ್ಲ. ಸ್ನೇಹಿತ ಎಲ್‌ಇಡಿ ಪ್ಯಾನೆಲ್ ತೆಗೆಯಲು ಹೋದ. ಬೇಡ ಅಂದೆ.

"ಅಮ್ಮಾ, ಬೆಂಕಿ ಸ್ವಲ್ಪ ಮುಂದಕ್ಕೆ ಮಾಡ್ತೀರಾ?"

ಅವರು ಒಲೆಗೆ ಎರಡು ಒಣಗಿದ ತೆಂಗಿನ ಗರಿ ತುರುಕಿ ಊದಿದರು. ಉರಿ ಭಗ್ ಅಂತ ಎದ್ದಿತು. ಕಾಗದದ ಹಿಂದಿನಿಂದ ಬೆಳಕು ಬಂದು ಅವರ ಮುಖ ಕೆಂಪಾಯಿತು. ಗರಿ ಉರಿದು ಮುಗಿಯುವವರೆಗೂ ಅವರು ಓದುತ್ತಲೇ ಇದ್ದರು.