ಅಪ್ಪಯ್ಯನ ಹೆಸರಿನ ಮುಂದೆ 'ಮೃತ' ಅಂತ ಬರೆಯೋ ಸೀನು

ಅಪ್ಪಯ್ಯ ಹೋಗಿ ಎರಡು ವರ್ಷ ಆದ್ಮೇಲೆ ನಾನು ಈ ಶಾರ್ಟ್ ಫಿಲ್ಮ್ ಬರೆಯೋಕೆ ಕೂತಿದ್ದು. ಮೊದಲ ಡ್ರಾಫ್ಟ್‌ನಲ್ಲಿ ಅಕ್ಕ ತಮ್ಮ ಮೂರು ಸೀನಲ್ಲಿ ಅಳ್ತಿದ್ರು. ಓದಿ ಮುಗ್ಸಿ ನನ್ ತಮ್ಮ ಕೇಳಿದ್ದು ಒಂದೇ, "ಅಕ್ಕಾ, ನಾವಿಬ್ರೂ ಒಟ್ಟಿಗೆ ಕೂತು ಅತ್ತಿದ್ದು ಯಾವಾಗ ಹೇಳು?" ನಿಜ, ಒಂದ್ ಸಲಾನೂ ಇಲ್ಲ. ಹದಿಮೂರು ದಿನ ಮನೆ ತುಂಬ ಜನ, ವೈಕುಂಠ ಸಮಾರಾಧನೆಗೆ ಎಲೆ ಎಷ್ಟು ಬೇಕು, ಅಡುಗೆಯವ್ರಿಗೆ ಅಡ್ವಾನ್ಸ್ ಯಾರು ಕೊಟ್ರು, ಬರೀ ಇದೇ ಮಾತು, ಆಮೇಲೆ ಜನ ಹೋದ್ರು, ಕಾಗದ ಪತ್ರ ಉಳೀತು. 21 ದಿನದೊಳಗೆ ಮರಣ ನೋಂದಣಿ ಆಗ್ಬೇಕು, ಪೌತಿ ಖಾತೆ, ಅಂದ್ರೆ ತೀರಿಕೊಂಡೋರ ಜಮೀನು ವಾರಸುದಾರರ ಹೆಸರಿಗೆ ಆಗ್ಬೇಕಂದ್ರೆ ವಂಶವೃಕ್ಷ ಬೇಕು, ಅದಕ್ಕೆ ನಾಡಕಚೇರಿ. ನಾವು ದುಃಖ ಪಟ್ಟಿದ್ದೆಲ್ಲ ಆ ಓಡಾಟದಲ್ಲೇ.

ಆ ಡ್ರಾಫ್ಟ್ ಬಿಟ್ಟೆ. ಹೊಸದು 14 ನಿಮಿಷದ್ದು, ಒಂದೇ ಸಂಜೆ, ಒಂದೇ ಜಗಲಿ, ಅಕ್ಕ ತಮ್ಮ ಕೂತು ವಂಶವೃಕ್ಷ ಬರೀತಾರೆ ಅಷ್ಟೇ. ಮೇಲ್ಗಡೆ ಅಪ್ಪನ ಹೆಸರು, ಅದರ ಮುಂದೆ 'ಮೃತ' ಅಂತ ಹಾಕ್ಬೇಕು, ಇಬ್ರಿಗೂ ಕೈ ಬರಲ್ಲ. ಇನ್ನೊಂದು ವಿಷ್ಯ ಇತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಬಂದ್ಮೇಲೆ ಹೆಣ್ಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು, ಆದ್ರೂ ಅಕ್ಕ ತನ್ನ ಪಾಲು ಬಿಟ್ಕೊಡೋ ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಹಾಕೇ ಹಾಕ್ತಾಳೆ ಅಂತ ಊರವ್ರೆಲ್ಲ ಅಂದ್ಕೊಂಡಿರ್ತಾರೆ. ತಮ್ಮ ಕೇಳಲ್ಲ, ಅಕ್ಕ ಹೇಳಲ್ಲ. ಇದಕ್ಕೆ ಒಂದು ಪುಟ ಡೈಲಾಗ್ ಬರ್ದಿದ್ದೆ, ಪೂರ್ತಿ ತೆಗ್ದುಹಾಕ್ದೆ, ಫೈಲಲ್ಲಿ ಆ ಖಾಲಿ ಪತ್ರ ಕಂಡ ತಕ್ಷಣ ಅಕ್ಕ ಅದನ್ನ ಬೇರೆ ಕಾಗದಗಳ ಕೆಳಗೆ ಸೇರಿಸ್ತಾಳೆ, ಅಷ್ಟೇ ಸಾಕಾಯ್ತು.

ಶೂಟ್ ಮಾಡಿದ್ದು ತೀರ್ಥಹಳ್ಳಿ ಹತ್ರ ಒಂದು ಹೆಂಚಿನ ಮನೇಲಿ, ಜುಲೈನಲ್ಲಿ, ಐದು ಜನ ನಾವು. ಮೊದಲ ರಾತ್ರಿ ಫೂಟೇಜ್ ಎಲ್ಲ ವೇಸ್ಟ್, ಹಳೇ ಟ್ಯೂಬ್‌ಲೈಟ್, ಕ್ಯಾಮೆರಾ ಶಟರ್ 1/60ರಲ್ಲಿತ್ತು, ನಮ್ ಕರೆಂಟ್ 50 ಹರ್ಟ್ಸ್, ಲೈಟ್ ಮಿನುಗೋದಕ್ಕೂ ಶಟರ್‌ಗೂ ಹೊಂದಲಿಲ್ಲ, ಹಾಗಾಗಿ ಗೋಡೆ ಮೇಲೆಲ್ಲ ಪಟ್ಟೆ ಪಟ್ಟೆ. ಮಾರನೇ ದಿನ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಟ್ಮೇಲೆ ಸರಿಹೋಯ್ತು. ಮಳೆ ಮಾತ್ರ ನಮ್ ಕೈಲಿರ್ಲಿಲ್ಲ. ಹೆಂಚಿನ ಮೇಲೆ ಜೋರು ಮಳೆ ಬಿದ್ರೆ ಕಾಲರ್ ಮೈಕಲ್ಲೂ ಮಾತು ಕೇಳಲ್ಲ. ಡಬ್ಬಿಂಗ್ ನಂಗೆ ಬೇಡಾಗಿತ್ತು, ಸ್ಟುಡಿಯೋದಲ್ಲಿ ಆ ತಗ್ಗಿದ ದನಿ ಮತ್ತೆ ಬರಲ್ಲ. ಅದಕ್ಕೆ ಮಳೆ ಹೊಳವಾದ ತಕ್ಷಣ ಕ್ಯಾಮೆರಾ ಇಲ್ದೆ ಅದೇ ಜಗಲೀಲಿ, ಅದೇ ಜಾಗದಲ್ಲಿ ಕೂರಿಸಿ ಅವೇ ಸಾಲು ಮತ್ತೆ ಹೇಳಿಸಿ ರೆಕಾರ್ಡ್ ಮಾಡ್ಕೊಂಡೆ, ಮಳೆ ಸದ್ದು ಬೇರೆಯಾಗಿ ತಗೊಂಡೆ. ಎಡಿಟ್‌ನಲ್ಲಿ ಇದೇ ನನ್ನನ್ನ ಉಳಿಸಿದ್ದು.

ಪಾತ್ರ ಮಾಡಿದ ಇಬ್ರೂ ಮೊದ್ಲು ಒಬ್ರಿಗೊಬ್ರು ಪರಿಚಯ ಇಲ್ಲ. ರಿಹರ್ಸಲ್‌ನಲ್ಲಿ ಡೈಲಾಗ್ ಓದಿಸ್ಲಿಲ್ಲ, ಒಂದು ಹಳೇ ಟ್ರಂಕ್ ಬಟ್ಟೆ ಕೊಟ್ಟು ಇಬ್ರೂ ಸೇರಿ ಮಡಚಿ ಅಂದೆ, ಒಂದು ಗಂಟೆ. ಆಮೇಲೆ ಅರ್ಜಿ ಸೀನಲ್ಲಿ ಯಾರು ಬರೀಬೇಕು ಅಂತ ನಾನು ಹೇಳ್ಲೇ ಇಲ್ಲ. ಮೂರನೇ ಟೇಕ್‌ನಲ್ಲಿ ತಮ್ಮನ ಪಾತ್ರದವ್ನು ಪೇಪರ್ ಎಳ್ಕೊಂಡು, ಮೇಲಿನ ಜಾಗ ಹಾಗೇ ಬಿಟ್ಟು, ಕೆಳಗೆ ಮೊದ್ಲು ಅಕ್ಕನ ಹೆಸರು ಬರ್ದ. ಆಕೆ ಬಗ್ಗಿ ನೋಡಿ, "ಒತ್ತು ಬಿಟ್ಟಿದೀಯ ಕಣೋ" ಅಂದ್ಳು. ಸ್ಕ್ರಿಪ್ಟಲ್ಲಿ ಇರ್ಲಿಲ್ಲ ಅದು. ಕಟ್ ಹೇಳೋಕೆ ನಂಗೆ ಬಾಯೇ ಬರ್ಲಿಲ್ಲ, ಅವ್ನು ಒತ್ತು ಹಾಕಿ, ಪೆನ್ನು ಮೇಲಕ್ಕೆ ತಗೊಂಡೋಗಿ ಅಪ್ಪನ ಹೆಸರು ಬರ್ಯೋ ತನಕ ಕ್ಯಾಮೆರಾ ಓಡ್ತಾ ಇತ್ತು.

ಎಡಿಟ್ ಮುಗಿದ ರಾತ್ರಿ ತಮ್ಮನಿಗೆ ಲ್ಯಾಪ್‌ಟಾಪಲ್ಲಿ ತೋರ್ಸಿದೆ. ಆ ಒತ್ತಿನ ಮಾತು ಬಂದಾಗ ಅವ್ನು ವಿಡಿಯೋ ನಿಲ್ಲಿಸ್ದ. "ಅವತ್ತು ನಾನೂ ನಿನ್ ವಯಸ್ಸು ತಪ್ಪು ಬರ್ದಿದ್ದೆ. ನೀನು ಬಯ್ಲಿಲ್ಲ, ಸುಮ್ನೆ ಇನ್ನೊಂದು ಫಾರಂ ತಂದ್ಕೊಟ್ಟೆ" ಅಂದ. ನಂಗೆ ಅದು ನೆನಪೇ ಇರ್ಲಿಲ್ಲ. ಉಳಿದ ಸಿನಿಮಾ ಆ ರಾತ್ರಿ ನೋಡ್ಲಿಲ್ಲ ನಾವು, ಎರಡು ಗಂಟೆ ತನಕ ಅಪ್ಪಯ್ಯನ ಮಾತೇ ಆಡ್ತಾ ಕೂತ್ವಿ.